ಬಿಕ್ಕೋಡಿನ ಹುಡುಗ ಊರು ಸೇರಿದ್ದು

ತಿಥಿಗೆ ಬಂದಿದ್ದ ನೆಂಟರು ಹಿಂದಿನ ಸಂಜೆಯೇ ರೈಲು ಹತ್ತಿದ್ದರು. ಬಾಡಿಗೆಗೆ ತಂದಿದ್ದ ದೊಡ್ಡ ಪಾತ್ರೆಗಳೂ ವಾಪಸು ಹೋಗಿದ್ದವು. ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ನಲ್ಲಿಯಲ್ಲಿ ನೀರು ಬಂದಿತ್ತು, ಹಿಡಿದೆ. ಹಾಲು ಕಾಯಿಸಿದೆ. ಉಕ್ಕಿತು, ಒರೆಸಿದೆ. ಒಂದು ಕೆಲಸ ಮುಗಿದರೆ ಇನ್ನೊಂದು ಕಾಣುತ್ತಿತ್ತು. ಕಂಡದ್ದನ್ನು ಮಾಡುತ್ತಾ ಹೋದೆ.

ಫ್ರಿಜ್ಜಿನ ಮೇಲೆ ನನ್ನ ಗಂಡ ಚೇತನ್‌ನ ಫೋನು ಸದ್ದು ಮಾಡಿತು. ಅದನ್ನು ಚಾರ್ಜಿಗೆ ಹಾಕಿದವರು ಯಾರೆಂದು ನೆನಪಾಗಲಿಲ್ಲ. ನಾನೇ ಇರಬೇಕು. ಉದಯಕುಮಾರ್ ಎಂಬ ಯಾರೋ ಬರೆದಿದ್ದರು.

'ನಮಸ್ತೆ ಸರ್. ನಾನು ಹೊಸಬ. ಎಲ್ಲರೂ ನೋಡ್ತಿದ್ದಾರೆ ಅಂತ ಶುರು ಮಾಡಿದೆ. ಮೊದಲ ಎಪಿಸೋಡಿಗೇ ತಲೆ ಕೆಟ್ಟು ಹೋಯ್ತು. ಯಾರು ಯಾರ ಮಗ ಸರ್? ಎಲ್ಲಿಂದ ಹಿಡೀಬೇಕು?'

ಅದು ಇಂಗ್ಲಿಷ್ ಧಾರಾವಾಹಿ. ದಪ್ಪನೆಯ ನಾಲ್ಕು ಕಾದಂಬರಿಗಳಿಂದ ಮಾಡಿದ್ದು. ಚೇತನ್ ಅದನ್ನು ಕನ್ನಡದಲ್ಲಿ 'ಏಳು ದೀಪದ ಕಣಿವೆ' ಎಂದು ಕರೆಯುತ್ತಿದ್ದ. ಒಂದು ಕಣಿವೆ, ಅದರಲ್ಲಿ ಏಳು ಮನೆತನ, ಮನೆತನಕ್ಕೊಂದು ಆರಬಾರದ ದೀಪ. ದೀಪ ಆರಿದ ಮನೆತನದ ಹೆಸರನ್ನು ಕಣಿವೆಯಲ್ಲಿ ಯಾರೂ ಎತ್ತುವ ಹಾಗಿಲ್ಲ. ಹಾಗಾಗಿ ಯುದ್ಧ, ಮದುವೆ, ಮೋಸ, ಮಾಟ. ಚೇತನ್ ಅರಸೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಸಂಜೆ ಹೊತ್ತು ಒಂದು ವಾಟ್ಸಾಪ್ ಗುಂಪು ನಡೆಸುತ್ತಿದ್ದ. ಹೊಸದಾಗಿ ನೋಡಲು ಹೋಗಿ ದಾರಿ ತಪ್ಪಿದವರು ತಿಪಟೂರು, ಕಡೂರು, ಹಾಸನದಿಂದೆಲ್ಲ ಅಲ್ಲಿಗೆ ಬಂದು ಸೇರುತ್ತಿದ್ದರು. ಅವನು ಯಾರಿಗೂ ಬೇಸರಪಟ್ಟುಕೊಳ್ಳದೆ ಹೇಳಿಕೊಡುತ್ತಿದ್ದ.

ಫೋನನ್ನು ಮಗುಚಿ ಇಟ್ಟೆ.

ಅವನ ಮೊದಲ ಶಿಷ್ಯೆ ಅತ್ತೆ. ಅವರಿಗೆ ಇಂಗ್ಲಿಷ್ ಬಾರದು. ಅವನು ರಿಮೋಟ್ ಹಿಡಿದು ಮಾತು ಮಾತಿಗೂ ನಿಲ್ಲಿಸಿ ಹೇಳುತ್ತಿದ್ದ. ಆ ಹೊತ್ತಿಗೆ ನಾನು ಮುಂದಿನ ಕೋಣೆಯಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಮಾಡುತ್ತಿದ್ದೆ. ಗೋಡೆಯಾಚೆ ತಾಯಿ ಮಗನ ದನಿ ಕೇಳುತ್ತಿತ್ತು. ಕಣಿವೆಯ ಹೆಸರುಗಳು ಅತ್ತೆಯ ಬಾಯಲ್ಲಿ ನಿಲ್ಲುವುದಿಲ್ಲವೆಂದು ಅವನು ಎಲ್ಲ ಮನೆತನಗಳಿಗೂ ನಮ್ಮ ಕಡೆಯ ಊರುಗಳನ್ನು ಕೊಟ್ಟಿದ್ದ. ಚಳಿಬೆಟ್ಟದವರು ಬಿಕ್ಕೋಡಿನೋರು. ವ್ಯಾಪಾರದವರು ಅರಸೀಕೆರೆ ಮಂಡಿಯೋರು. ಗುಡ್ಡದ ತುದಿಯಲ್ಲಿ ಪೂಜೆ ಮಾಡಿಕೊಂಡು ಎಲ್ಲರಿಗೂ ಶಾಪ ಹಾಕುವವರು ಮಾಲೇಕಲ್ಲೋರು. ಕಲ್ಲಿನ ಅರಮನೆಯವರು ಹಳೇಬೀಡಿನೋರು, ಅವರ ದಾಯಾದಿಗಳು ಬೇಲೂರಿನೋರು. ಕಿಟಕಿಯ ಕಟ್ಟೆಯ ಮೇಲೆ ಮನೆತನಕ್ಕೊಂದರಂತೆ ಏಳು ಕೊಬ್ಬರಿ ಗಿಟುಕು ಸಾಲಾಗಿ ಇಟ್ಟಿದ್ದ. ಯಾರದಾದರೂ ದೀಪ ಆರಿದರೆ ಅವರ ಗಿಟುಕನ್ನು ಕವುಚಿ ಹಾಕುತ್ತಿದ್ದ.

ಆ ಬೆಳಿಗ್ಗೆ ಅತ್ತೆ ಕಿಟಕಿಯ ಹತ್ತಿರ ನಿಂತು ಗಿಟುಕುಗಳನ್ನು ನೋಡುತ್ತಿದ್ದರು.

"ಒಂದು ಕಮ್ಮಿ ಐತೆ. ಬೇಲೂರಿನೋರಿಲ್ಲ," ಎಂದರು.

"ಕೆಳಗೆ ಬಿದ್ದಿರಬೇಕು ಅತ್ತೆ."

"ಎಲ್ಲಿ ಬೀಳ್ತೈತೆ. ನಿನ್ನೆ ಪಾಯಸಕ್ಕೆ ಕೊಬ್ಬರಿ ಸಾಲ್ದು ಅಂತ ಯಾರೋ ತುರಿದವ್ರೆ." ಉಳಿದವನ್ನು ಹತ್ತಿರ ಸರಿಸಿಟ್ಟು ಹೇಳಿದರು, "ಹೋಗ್ಲಿ. ಅವ್ರು ಮೊದ್ಲಿಂದ್ಲೂ ಸರಿಯಿರ್ಲಿಲ್ಲ."

ಆ ಪಾಯಸವನ್ನು ನಾನೂ ಉಂಡಿದ್ದೆ. ಚೇತನ್‌ನ ಫೋಟೋದ ಮುಂದೆ ಇಟ್ಟ ಎಡೆಯಲ್ಲೂ ಅದೇ ಇತ್ತು.

ಸಂಜೆ ಅತ್ತೆ ಮುಖ ತೊಳೆದುಕೊಂಡು ಬಂದು ಟಿವಿಯ ಮುಂದೆ, ಗೋಡೆಗೆ ಒರಗಿ, ಕಾಲು ಚಾಚಿ ಕುಳಿತರು. ಅದು ಅವರ ಮಾಮೂಲು ಜಾಗ. ಪಕ್ಕದ ಕುರ್ಚಿ ಅವನದು.

"ಕಡೇ ಭಾಗ ಬಂದಿರ್ಬೇಕು. ಈ ತಿಂಗಳು ಬತ್ತದೆ ಅಂದಿದ್ದ. ಹಾಕು," ಎಂದರು.

ಬಂದಿತ್ತು. ನಾವು ಹಾಲುತುಪ್ಪ ಬಿಡಲು ಹೋದ ವಾರವೇ ಕೊನೆಯ ಸೀಸನ್ ಪೂರ್ತಿ ಬಿಡುಗಡೆಯಾಗಿತ್ತು. ಹಾಕಿದೆ.

ಸಂಗೀತ ಕೇಳಿ ಪಕ್ಕದ ಮನೆಯ ರುದ್ರಮ್ಮ ಬಾಗಿಲಿಗೆ ಬಂದು ನಿಂತರು. "ಏನ್ ರುಕ್ಮಿಣಿ, ನಿನ್ನೆ ತಿಥಿ ಮುಗ್ದಿದೆ, ಇವತ್ತಾಗ್ಲೇ ಟಿವಿನಾ? ನೋಡ್ದೋರು ಏನಂದಾರು?"

"ನೋಡ್ದೋಳು ನೀನೇ ಅಲ್ವಾ, ಏನಂತೀಯ ಹೇಳು. ನಿಮ್ಮನೆ ಧಾರಾವಾಹೀಲಿ ವಾರಕ್ಕೊಬ್ಳು ಸಾಯ್ತಾಳೆ. ನೀನು ಯಾವತ್ತು ಸೂತಕ ಹಿಡ್ದಿದ್ದೆ?" ಎಂದರು ಅತ್ತೆ.

"ನಾನು ನಿನ್ ಒಳ್ಳೇದಕ್ಕೇ ಹೇಳಿದ್ದು ಕಣೇ."

"ಒಳ್ಳೇದು ಆಗಿದ್ದೆಲ್ಲ ಆಯ್ತು. ಬಾ, ಕೂರಂಗಿದ್ರೆ ಕೂರು."

ರುದ್ರಮ್ಮ ಕೂರಲಿಲ್ಲ. ಹೋದರು. ನಾನು ರಿಮೋಟ್ ಹಿಡಿದು ಚೇತನ್‌ನ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತೆ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು ನಾನು. ಪಾತ್ರಗಳ ಮಾತು ಒಂದೂ ಬಿಡದೆ ಅರ್ಥವಾಗುತ್ತಿತ್ತು. ಕಥೆ ಮಾತ್ರ ಒಂದು ಚೂರೂ ಅರ್ಥವಾಗಲಿಲ್ಲ.

"ಯಾರಿವಳು, ಹಸಿರು ಸೀರೆಯೋಳು?" ಎಂದರು ಅತ್ತೆ. ಅದು ಸೀರೆಯಲ್ಲ.

"ಇಸ್ಮೆರಾ. ಟಾರ್ವೆನ್ ಮನೆತನದ ಯಜಮಾನನ ಎರಡನೇ ಹೆಂಡತಿ."

"ಹಂಗಂದ್ರೆ ಯಾವೂರೋಳು?"

ಟಿವಿಗೆ ಇನ್ನಷ್ಟು ಹತ್ತಿರ ಸರಿದೆ.

"ಮಂಡಿಯೋಳಾ, ಮಾಲೇಕಲ್ಲೋಳಾ?"

"ಗೊತ್ತಿಲ್ಲ ಅತ್ತೆ."

"ಕಾಲೇಜಲ್ಲಿ ಪಾಠ ಮಾಡೋಳಲ್ವೇನವ್ವ ನೀನು?" ದನಿಯಲ್ಲಿ ಸಿಟ್ಟಿರಲಿಲ್ಲ. ಹತ್ತು ನಿಮಿಷ ಹಾಗೇ ನೋಡಿದರು. ಆಮೇಲೆ, "ನಿಲ್ಸು. ನಂಗೆ ಉಳಿದಿದ್ದೇನೂ ಬ್ಯಾಡ. ಬಿಕ್ಕೋಡಿನ ಹುಡುಗ ಊರು ಸೇರ್ತಾನಾ ಇಲ್ವಾ, ಅಷ್ಟು ಹೇಳು. ಸೇರ್ತಾನೆ ಅಂದಿದ್ದ ಚೇತು. ಪುಸ್ತಕದಲ್ಲಿ ಐತೆ ಅಂದಿದ್ದ," ಎಂದರು.

ಅತ್ತೆಯ ತವರು ಬಿಕ್ಕೋಡು. ಅಲ್ಲಿನ ಕಾಫಿ ತೋಟದ ಕೂಲಿ ಲೈನಿನಲ್ಲಿ ಹುಟ್ಟಿ ಬೆಳೆದವರು. ಚಳಿಬೆಟ್ಟದ ಮನೆತನಕ್ಕೆ ಆ ಹೆಸರು ಇಟ್ಟ ದಿನದಿಂದ ಅವರು ಆ ಪಕ್ಷ. ಆ ಮನೆಯ ಕಿರಿಯ ಹುಡುಗನನ್ನು ಹಳೇಬೀಡಿನೋರು ಒತ್ತೆಯಾಳಾಗಿ ಕರೆದುಕೊಂಡು ಹೋಗುತ್ತಾರೆ. ಅವನ ತಾಯಿ ಬೆಟ್ಟದ ಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕಿಕೊಂಡು ಕಾಯುತ್ತಾಳೆ. ಅತ್ತೆಗೆ ಬೇಕಾಗಿದ್ದುದು ಇಷ್ಟೇ. ಯಾರು ಪಟ್ಟಕ್ಕೆ ಬರುತ್ತಾರೆ, ಯಾರ ಶಾಪ ಯಾರಿಗೆ ತಟ್ಟುತ್ತದೆ ಎಂಬುದೆಲ್ಲ ಅವರಿಗೆ ದಾರಿಯಲ್ಲಿ ಸಿಗುವ ಊರುಗಳು.

"ನೋಡಿ ಹೇಳ್ತೀನಿ ಅತ್ತೆ," ಎಂದೆ.

ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ. ಮಾರನೆಯ ಬೆಳಿಗ್ಗೆಯೂ ಅರ್ಧ ರೊಟ್ಟಿ ಮುರಿದು ಬಿಟ್ಟರು. ಮನೆಯಲ್ಲಿ ನಾವಿಬ್ಬರೇ. ನಮ್ಮ ನಡುವೆ ಆಡುವುದಕ್ಕೆ ಮಾತು ಇದ್ದದ್ದು ಆ ಕಥೆಯೊಂದೇ. ಉಳಿದ ಮಾತು ಯಾವುದನ್ನು ತೆಗೆದರೂ ಅವನ ಬಳಿಗೇ ಬಂದು ನಿಲ್ಲುತ್ತಿತ್ತು.

ಕಾಲೇಜಿಗೆ ರಜೆ ಹಾಕಿದ್ದೆ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಧಾರಾವಾಹಿಯನ್ನು ಮೊದಲಿನಿಂದ ಹಾಕಿದೆ. ದನಿ ತಗ್ಗಿಸಿ, ಅವನ ಗುಂಪಿನ ಹಳೆಯ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಹೊಸಬರು ಯಾರು ಬಂದರೂ ಅವನು ಮೊದಲು ಬರೆಯುತ್ತಿದ್ದುದು ಒಂದೇ. 'ಎಲ್ಲರನ್ನೂ ನೆನಪಿಟ್ಟುಕೊಳ್ಳಲು ಹೋಗಬೇಡಿ. ಒಬ್ಬರನ್ನು ಹಿಡಿಯಿರಿ. ಅವರ ಹಿಂದೆ ಹೋಗಿ. ಉಳಿದವರು ಅವರಿಗೆ ಏನಾಗಬೇಕೋ ಅದೇ ನಿಮಗೂ ಆಗುತ್ತಾರೆ.' ಇದು ಅವನ ಸ್ವಂತದ್ದಲ್ಲ. ಹಳೇಬೀಡಿನಲ್ಲಿ ನಟರಾಜ್ ಎಂಬ ಗೈಡ್ ಇದ್ದಾರೆ. ದೇವಸ್ಥಾನದ ಗೋಡೆಯ ಮುಂದೆ ಕಣ್ಣು ಕತ್ತಲಿಟ್ಟು ನಿಲ್ಲುವ ಪ್ರವಾಸಿಗಳಿಗೆ ಅವರು ಹೇಳುವುದು ಹೀಗಂತೆ. ಅವರಿಂದ ಕಲಿತೆ ಎಂದು ಚೇತನ್ ಹೇಳುತ್ತಿದ್ದ. ನಾಲ್ಕನೆಯ ಪುಸ್ತಕವನ್ನು ಅವನಿಗೆ ಓದಲು ಕೊಟ್ಟವರೂ ಅವರೇ.

ಇನ್ನೊಂದು ಮಾತನ್ನೂ ಅವನು ಮತ್ತೆ ಮತ್ತೆ ಬರೆದಿದ್ದ. 'ಪುಸ್ತಕ ಓದಿದವರು ದಯವಿಟ್ಟು ಕೊನೆ ಹೇಳಬೇಡಿ. ಟಿವಿಯವರು ಬದಲಾಯಿಸುತ್ತಾರೆ.'

ನಾನು ಬಿಕ್ಕೋಡಿನ ಹುಡುಗನನ್ನು ಹಿಡಿದೆ, ಅವನಿಲ್ಲದ ಕಡೆಯೆಲ್ಲ ಮುಂದಕ್ಕೆ ಓಡಿಸಿದೆ. ಅವನ ಹೆಸರು ಓರಿನ್. ಅವನ ಹಿಂದೆ ಹೋದರೆ ನಿಜಕ್ಕೂ ದಾರಿ ಕಾಣುತ್ತಿತ್ತು. ಅವನನ್ನು ಎಳೆದುಕೊಂಡು ಹೋಗುವವರು ಹಳೇಬೀಡಿನೋರು. ಅವನಿಗೆ ಕದ್ದು ರೊಟ್ಟಿ ಕೊಡುವ ಹಸಿರು ಬಟ್ಟೆಯ ಇಸ್ಮೆರಾ ಮಂಡಿಯೋಳು. ಮೊದಲ ಸಲ ನನಗೂ ಕಥೆ ಕಂಡಿತು. ಒಳ್ಳೆಯ ಕಥೆ. ಯಾರಾದರೂ ಸತ್ತರೆ ಹೊಗೆ ಏಳುತ್ತದೆ, ಕುದುರೆಗಳು ತಲೆ ಬಾಗಿಸುತ್ತವೆ, ಸಂಗೀತ ಬರುತ್ತದೆ. ನಮ್ಮಲ್ಲಿ ಮಾರನೆಯ ದಿನ ನಲ್ಲಿಯಲ್ಲಿ ನೀರು ಬರುತ್ತದೆ. ಚೇತನ್ ಕಚೇರಿಯಿಂದ ಬರುತ್ತಾ ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಬೈಕಿನಿಂದ ಬಿದ್ದ. ಬೀಳುವ ಮೊದಲೇ ಎದೆಬಡಿತ ನಿಂತಿತ್ತು ಎಂದರು ಡಾಕ್ಟರು. ಬೈಕಿನ ಹುಕ್ಕಿನಲ್ಲಿ ತೂಗುತ್ತಿದ್ದ ಸೊಪ್ಪಿನ ಚೀಲವನ್ನು ಯಾರೋ ಜೋಪಾನವಾಗಿ ಮನೆಗೆ ತಂದುಕೊಟ್ಟರು.

ಮೂರನೆಯ ಸೀಸನ್ನಿನ ನಡುವೆ ಓರಿನ್ ತಪ್ಪಿಸಿಕೊಂಡು ಊರಿನ ದಾರಿ ಹಿಡಿಯುತ್ತಾನೆ. ಹೊಳೆ ದಾಟುವಾಗ ಬಾಣ ತಗುಲಿ ಸಾಯುತ್ತಾನೆ. ತಪ್ಪು ನೋಡಿದೆನೇನೋ ಎಂದು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಸಾಯುತ್ತಾನೆ. ಅವನನ್ನು ಹುಡುಕಿಕೊಂಡು ಬಂದಿದ್ದ ಅಣ್ಣ ಕೇಲನ್ ಹೆಣವನ್ನು ಹೊಳೆಗೆ ಬಿಟ್ಟು, ತಮ್ಮನ ಕಂಬಳಿ ಹೊದ್ದು ಮುಂದೆ ಹೋಗುತ್ತಾನೆ. ಅಣ್ಣನಿಗೆ ಗಡ್ಡ. ಮುಖದಲ್ಲಿ ತಮ್ಮನ ಛಾಯೆ.

ಅತ್ತೆ ಎರಡು ವರ್ಷದಿಂದ ನೋಡುತ್ತಿದ್ದುದು ಈ ಅಣ್ಣನನ್ನು. ಅವರ ಮಾತಿನಲ್ಲಿ ಆ ಮನೆಗೆ ಇಬ್ಬರು ಮಕ್ಕಳು ಎಂಬುದೇ ಎಂದೂ ಬಂದಿರಲಿಲ್ಲ. ಬಿಕ್ಕೋಡಿನ ಹುಡುಗ ಹೊಳೆ ದಾಟಿದ, ಗಡ್ಡ ಬಿಟ್ಟ, ಊರಿನ ಕಡೆ ಹೊರಟ. ಅಷ್ಟೇ. ಇಬ್ಬರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿದವನು ಚೇತನ್. ಆ ಸೀಸನ್ ಬಂದದ್ದು ಮಾವ ತೀರಿಕೊಂಡ ವರ್ಷ. ಆಗ ಅತ್ತೆ ಹಾಸಿಗೆ ಹಿಡಿದಿದ್ದರು. ಸಂಜೆ ಟಿವಿಯ ಮುಂದೆ ಬಂದು ಕೂರುವುದಕ್ಕೆ ಮಾತ್ರ ಏಳುತ್ತಿದ್ದರು.

ಹಾಗಾದರೆ ಈಗ ಏನು ಹೇಳುವುದು? ಊರು ಸೇರುತ್ತಾನೆ ಎಂದರೆ ಯಾರು ಸೇರುತ್ತಾನೆ? ಚೇತನ್ ಇದ್ದಿದ್ದರೆ ಇದಕ್ಕೂ ಒಂದು ದಾರಿ ಕಂಡುಕೊಳ್ಳುತ್ತಿದ್ದ. ನನಗೆ ಅಷ್ಟು ದೂರ ಯೋಚಿಸುವ ಶಕ್ತಿ ಇರಲಿಲ್ಲ.

ಸಂಜೆ ಮತ್ತೆ ಕೊನೆಯ ಸೀಸನ್ ಹಾಕಿದೆ. ಈಗ ನಾನು ತಡವರಿಸಲಿಲ್ಲ. ಮಂಡಿಯೋರು ಬಂದರು, ಮಾಲೇಕಲ್ಲೋರು ಬಂದರು. ಅತ್ತೆ ಹೂಂ ಎನ್ನುತ್ತಾ ಕೇಳಿದರು. ಗಡ್ಡದವನು ಕುದುರೆ ಇಳಿದು ಹೊಳೆಯ ದಡದಲ್ಲಿ ಕೂತ. ನಿಲ್ಲಿಸಿದೆ. ಹೇಳಬೇಕಾದ ಜಾಗ ಅದು.

"ಬಿಕ್ಕೋಡಿನ ಹುಡುಗ..." ಎಂದೆ.

"ಇವನು ಅವನಲ್ಲ ಬಿಡು," ಎಂದರು ಅತ್ತೆ.

ತಿರುಗಿ ನೋಡಿದೆ. ಅವರು ಟಿವಿಯನ್ನೇ ನೋಡುತ್ತಿದ್ದರು.

"ಆ ಮಗೀದು ಕಿವಿ ಹಾಲೆ ಅಂಟಿಕೊಂಡಿತ್ತು. ಇವನ್ದು ಬಿಟ್ಕೊಂಡೈತೆ. ಗಡ್ಡ ಬಿಟ್ರೆ ಕಿವಿ ಬದಲಾಯ್ತದಾ?"

"ಯಾವಾಗ ಗೊತ್ತಾಯ್ತು ಅತ್ತೆ?"

"ಅವತ್ತೇ. ಹೊಳೇಲಿ ಬಿದ್ದಾಗ್ಲೇ."

"ಮತ್ತೆ ಯಾಕೆ ಸುಮ್ನಿದ್ರಿ?"

"ಚೇತು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದ. ಬೆವರ್ತಿದ್ದ ಕಣೇ, ಕೂತ್ಕಡೇನೇ. ನಾನು ಊಟಕ್ಕೆ ಏಳ್ಲಿ ಅಂತ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಿಂಗೆ ಆ ಕಷ್ಟ ಬ್ಯಾಡ. ನಂಗೆ ನೆಟ್ಟಗೆ ಹೇಳು. ಕಿರಿಯೋನು ಹೋದ. ಹಿರಿಯೋನಾದ್ರೂ ಸೇರ್ತಾನಾ? ಅವನೂ ಆ ತಾಯಿಗೆ ಮಗನೇ ತಾನೇ. ಅವಳು ಕಾಯ್ತಾ ಕೂತವ್ಳೆ."

"ಎಪಿಸೋಡ್ ಇನ್ನೂ ತುಂಬ ಇದೆ ಅತ್ತೆ. ದಿನಾ ಒಂದೊಂದು ನೋಡೋಣ."

"ಅಷ್ಟು ದಿನ ಕಾಯಕ್ಕೆ ನನ್ನ ಕೈಲಾಗಲ್ಲ. ಆ ದಪ್ಪ ಪುಸ್ತಕ ಐತಲ್ಲ, ಕೊನೆ ಓದಿ ಹೇಳು."

ಪುಸ್ತಕ ಅವನ ಕಚೇರಿಯ ಚೀಲದಲ್ಲೇ ಇತ್ತು, ಊಟದ ಡಬ್ಬಿಯ ಪಕ್ಕ. ಡಬ್ಬಿಯನ್ನು ಯಾರೂ ತೊಳೆದಿರಲಿಲ್ಲ. ಮೊದಲು ಅದನ್ನು ತೊಳೆದಿಟ್ಟೆ. ಆಮೇಲೆ ಪುಸ್ತಕ ಬಿಚ್ಚಿದೆ. ಅರಸೀಕೆರೆಯಿಂದ ಹಳೇಬೀಡಿಗೆ ಹೋದ ಒಂದು ಬಸ್ ಟಿಕೆಟ್ಟು ಗುರುತಿಗೆ ಇತ್ತು. ಅದು ಇದ್ದದ್ದು ಪುಸ್ತಕದ ನಡುವೆ. ಅಲ್ಲಿಂದ ಮುಂದಿನ ಹಾಳೆಗಳು ಹೊಸದಾಗಿ, ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು. ಅವನು ಕೊನೆ ಓದಿರಲಿಲ್ಲ. ಸೇರುತ್ತಾನೆ ಎಂದು ಅಮ್ಮನಿಗೆ ಸುಮ್ಮನೆ ಹೇಳಿದ್ದ.

ಟಿಕೆಟ್ಟನ್ನು ಅಲ್ಲೇ ಬಿಟ್ಟು ಕೊನೆಯ ಅಧ್ಯಾಯಗಳನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಕೂತರೆ ಮತ್ತೆ ಏಳುವುದಕ್ಕೆ ಆಗುತ್ತದೆ ಎಂಬ ನಂಬಿಕೆ ಆ ದಿನಗಳಲ್ಲಿ ಇರಲಿಲ್ಲ.

ಅತ್ತೆ ಹಾಗೇ ಗೋಡೆಗೆ ಒರಗಿ ಕುಳಿತಿದ್ದರು. ಹತ್ತಿರ ಹೋಗಿ ಕುಳಿತೆ.

"ಸೇರ್ತಾನೆ," ಎಂದೆ.

"ಸೇರ್ತಾನಾ?"

"ಹೂಂ. ಬೆಟ್ಟ ಹತ್ತಿ ಮನೆಗೆ ಬರ್ತಾನೆ. ಮನೇಲಿ ಯಾರೂ ಇರಲ್ಲ. ದೀಪ ಆರಿರುತ್ತೆ."

"ತಾಯಿ?"

"ಹಿಂದಿನ ಮಳೆಗಾಲದಲ್ಲೇ ಹೋಗಿರ್ತಾಳೆ. ಅಕ್ಕಪಕ್ಕದೋರು ಮಣ್ಣು ಮಾಡಿರ್ತಾರೆ. ಇವನು ಬಂದು ದೀಪ ಹಚ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತೆ."

ಅತ್ತೆ ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. ತುಂಬ ಹೊತ್ತು ಕಿಟಕಿಯ ಕಟ್ಟೆಯನ್ನು ನೋಡುತ್ತಾ ಇದ್ದರು.

"ಕಿರಿಯೋನ ಸುದ್ದಿ ಹೊಳೇಲೇ ಹೋಯ್ತು. ಅವಳಿಗೆ ಹಿರಿಯೋನು ಸತ್ತ ಸುದ್ದೀನೂ ಯಾವತ್ತೂ ಬರಲಿಲ್ಲ ಅನ್ನು."

"ಅವನು ಸಾಯೋದೇ ಇಲ್ಲ ಅತ್ತೆ."

"ಅದೇ ನಾನು ಹೇಳ್ತಿರೋದು. ತಾಯಿ ಮೊದ್ಲು, ಮಗ ಆಮೇಲೆ. ಬರೆದೋನಿಗೆ ಗೊತ್ತೈತೆ." ಎದ್ದು ಹೋಗಿ ಬಿಕ್ಕೋಡಿನ ಗಿಟುಕಿನ ಮೇಲೆ ಕೈಯಿಟ್ಟರು. ಅದನ್ನು ಕವುಚಲಿಲ್ಲ. "ಪುಣ್ಯವಂತೆ," ಎಂದರು. "ಪುಣ್ಯವಂತೆ ಕಣೇ ಅವಳು."

ಆ ರಾತ್ರಿ ಅವರು ಊಟ ಮಾಡಿದರು. ಮುದ್ದೆ ಮುರಿದು ಸಾರಿಗೆ ಅದ್ದಿ ಅದ್ದಿ, ತಲೆ ಎತ್ತದೆ ಉಂಡರು. ನೋಡುತ್ತಿದ್ದ ನನಗೆ ಸಮಾಧಾನ ಆಗಬೇಕಿತ್ತು. ಕಥೆಯಲ್ಲಿ ಒಬ್ಬಳು ತಾಯಿ ಮಗನಿಗಿಂತ ಮೊದಲು ಸತ್ತಳೆಂದು ಇವರು ಊಟ ಮಾಡುತ್ತಿದ್ದಾರೆ. ಇನ್ನು ಮುಂದೆ ಇವರನ್ನು ಊಟಕ್ಕೆ ಎಬ್ಬಿಸಲು ನನ್ನ ಬಳಿ ಇರುವುದು ಅದಿಷ್ಟೇ.

ಮಾರನೆಯ ದಿನ ಅವರೇ ಹೇಳಿದರು. "ಆ ಪುಸ್ತಕ ಕೊಟ್ಬಿಟ್ಟು ಬಾ. ಹೋದೋರು ಇಸ್ಕೊಂಡಿದ್ದ ವಸ್ತು ಮನೇಲಿ ಇರಬಾರ್ದು. ತಿಥಿಗೆ ಮುಂಚೇನೇ ಕೊಡ್ಬೇಕಿತ್ತು. ನಂಗೂ ಜ್ಞಾನ ಇರ್ಲಿಲ್ಲ."

ರುದ್ರಮ್ಮ ಕಾಂಪೌಂಡಿನಾಚೆಯಿಂದ, "ತಿಂಗಳು ತುಂಬೋಕ್ಮುಂಚೆ ಹುಡುಗೀನ ಬಸ್ಸತ್ತಿಸ್ತೀಯಾ?" ಎಂದರು.

"ಅವಳು ಹೋಗೋದು ಜಾತ್ರೆಗಲ್ಲ. ನೀನೇ ಹೋಗಿ ಕೊಟ್ಟು ಬತ್ತೀಯಾ?" ರುದ್ರಮ್ಮ ಬಟ್ಟೆ ಹಿಂಡತೊಡಗಿದರು. ಅತ್ತೆ ನನ್ನ ಕಡೆ ತಿರುಗಿದರು. "ಇನ್ನೊಂದು ಕಣವ್ವ. ಟಿವಿಯೋರು ಬದಲಾಯಿಸ್ತಾರೆ ಅಂತಿದ್ದ ಚೇತು. ಆ ಗೈಡಪ್ಪ ಎಲ್ಲ ನೋಡಿರ್ತಾನೆ. ಟಿವೀಲೂ ತಾಯಿ ಮೊದ್ಲು ಹೋಯ್ತಾಳಾ ಕೇಳ್ಕೊಂಡು ಬಾ. ಹಂಗಿದ್ರೆ ನೋಡಾಣ. ನಾನೂ ಒಂದ್ಸಲ ಅವಳನ್ನ ನೋಡ್ಬೇಕು."

ಜಾವಗಲ್ ಮೇಲೆ ಹೋಗುವ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕ ಕೂತು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ದಾರಿಯಲ್ಲಿ ಚೇತನ್‌ನ ಫೋನು ಮತ್ತೆ ಸದ್ದು ಮಾಡಿತು. ಉದಯಕುಮಾರ್. 'ಸರ್ ಬಿಜಿ ಅನ್ಸುತ್ತೆ. ನಾನು ಬಿಟ್ಟುಬಿಡ್ಲಾ ಅಂತ ಯೋಚನೆ ಮಾಡ್ತಿದ್ದೀನಿ.' ಅವನ ಹಳೆಯ ಉತ್ತರವನ್ನು ಹುಡುಕಿ ಹಾಗೇ ಕಳಿಸಿದೆ. 'ಎಲ್ಲರನ್ನೂ ನೆನಪಿಟ್ಟುಕೊಳ್ಳಲು ಹೋಗಬೇಡಿ. ಒಬ್ಬರನ್ನು ಹಿಡಿಯಿರಿ.' ತಕ್ಷಣ 'ಥ್ಯಾಂಕ್ಸ್ ಸರ್, ಈಗ ಧೈರ್ಯ ಬಂತು' ಎಂದು ಬಂತು. ಫೋನನ್ನು ಆಫ್ ಮಾಡಿದೆ.

ದೇವಸ್ಥಾನದ ಗೋಡೆಯ ಬಳಿ ನಟರಾಜ್ ಒಂದು ಕುಟುಂಬಕ್ಕೆ ಹೇಳುತ್ತಿದ್ದರು. "ಈಗ್ಲೇ ಮೇಲೆ ನೋಡ್ಬೇಡಿ ಸರ್, ಕತ್ತು ನೋವು ಬಿಟ್ರೆ ಬೇರೇನೂ ಬರಲ್ಲ. ಕೆಳಗೆ ಆನೆ ಸಾಲು ಇದೆ ನೋಡಿ, ಅಲ್ಲಿಂದ ಬನ್ನಿ." ನನ್ನ ಕೈಯಲ್ಲಿದ್ದ ಪುಸ್ತಕ ಕಂಡು ಮಾತು ನಿಲ್ಲಿಸಿದರು. ಅವರಿಗೆ ಆನೆಗಳನ್ನು ತೋರಿಸಿ, ನೋಡುತ್ತಿರಿ ಎಂದು ಹೇಳಿ ನನ್ನ ಹತ್ತಿರ ಬಂದರು. ತಿಥಿಯ ದಿನ ಬಂದಿದ್ದರಂತೆ. ನನಗೆ ಮುಖ ನೆನಪಿರಲಿಲ್ಲ.

"ನೀವ್ಯಾಕೆ ತರೋಕೆ ಹೋದ್ರಿ ಮೇಡಮ್. ನಾನು ಅವತ್ತೇ ಕೇಳಬಹುದಿತ್ತು. ಆ ಹೊತ್ತಲ್ಲಿ ಪುಸ್ತಕ ಕೇಳೋದಾ ಅಂತ ಸುಮ್ಮನಾದೆ."

"ಅತ್ತೆ ಕೊಟ್ಟು ಬಾ ಅಂದ್ರು."

"ಓದಿ ಮುಗಿಸಿದ್ರಾ ಅವರು?"

"ಇಲ್ಲ."

ನಟರಾಜ್ ತಲೆಯಾಡಿಸಿದರು. "ಮುಗಿಸಿ ನನಗೂ ಹೇಳ್ತೀನಿ ಅಂದಿದ್ರು. ಯಾರೋ ಫಾರಿನ್‌ನೋರು ಬಿಟ್ಟು ಹೋದ ಪುಸ್ತಕ ಮೇಡಮ್ ಇದು. ನಾನು ಇಂಗ್ಲಿಷ್ ಮಾತಾಡ್ತೀನಿ ಅಷ್ಟೆ, ಇಷ್ಟು ದಪ್ಪ ಓದೋಷ್ಟು ತಾಳ್ಮೆ ಇಲ್ಲ. ಟಿವಿಯಲ್ಲಿ ನೋಡಿ ಮುಗಿಸಿದೆ."

"ಬಿಕ್ಕೋಡಿನ ಹುಡುಗ ಏನಾದ?" ಎಂದೆ.

ಚೇತನ್ ಇಟ್ಟ ಆ ಹೆಸರು ಕೇಳಿ ಅವರಿಗೆ ನಗು ಬರುವುದರಲ್ಲಿತ್ತು. ಬರಲಿಲ್ಲ. "ಗಡ್ಡದೋನಾ? ಅವನು ಬರೋದೇ ಇಲ್ಲ ಮೇಡಮ್. ಬೆಟ್ಟದ ಬುಡದಲ್ಲೇ ಮುಗಿಸಿಬಿಡ್ತಾರೆ. ಕೊನೆ ಸೀನಲ್ಲಿ ಆ ಮುದುಕಿ ದೀಪ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ. ಯಾರೋ ಬಂದು ಸುದ್ದಿ ಹೇಳ್ತಾರೆ. ಅವಳ ಮುಖ ಒಂದೇ ತೋರಿಸ್ತಾರೆ, ತುಂಬ ಹೊತ್ತು. ಪುಸ್ತಕದಲ್ಲೂ ಹಂಗೇನಾ?"

ಆನೆಗಳ ಬಳಿ ಆ ಕುಟುಂಬದವರು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಇಲ್ಲ. ಪುಸ್ತಕದಲ್ಲಿ ತಾಯಿ ಮೊದಲು ಹೋಗ್ತಾಳೆ," ಎಂದೆ.

"ಓ. ಹಂಗಾದ್ರೆ ಯಾವುದನ್ನ ನಿಜ ಅಂತ ಇಟ್ಕೊಳ್ಳೋದು?"

"ನಮ್ಮತ್ತೆ ಯಾವತ್ತಾದರೂ ಫೋನ್ ಮಾಡಿ ಕೇಳಿದ್ರೆ, ಟಿವಿಯಲ್ಲೂ ತಾಯಿ ಮೊದಲು ಹೋದಳು ಅಂತ ಹೇಳಿ. ಮನೇಲಿ 'ಕಣಿವೆ' ಇನ್ನು ಬರಲ್ಲ, ರೀಚಾರ್ಜ್ ಮುಗೀತು ಅಂತ ನಾನು ಹೇಳ್ತೀನಿ."

ಅವರು ನನ್ನ ಮುಖ ನೋಡಿದರು. "ಆಗ್ಲಿ ಮೇಡಮ್," ಎಂದರು.

ನನ್ನ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಮನೆಗೆ ಹೋಗಿ ಇದನ್ನೇ ಹೇಳುವಾಗ ಅತ್ತೆ ಈ ಬೆವರನ್ನು ನೋಡುತ್ತಾರೆ ಎಂದು ನನಗೆ ಗೊತ್ತಿತ್ತು.

ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರೂ ಎರಡೂ ಕೈ ಚಾಚಿ ತೆಗೆದುಕೊಂಡರು. ಟಿಕೆಟ್ಟು ಇದ್ದ ಜಾಗದಲ್ಲಿ ಪುಸ್ತಕ ತಾನಾಗಿ ತೆರೆದುಕೊಂಡಿತು.

"ಇದು ನೀವಿಟ್ಕೊಳ್ಳಿ," ಎಂದು ಟಿಕೆಟ್ಟಿಗೆ ಕೈ ಹಾಕಿದರು.

"ಬೇಡ. ಅವರು ಅಲ್ಲಿಯವರೆಗೆ ಓದಿದ್ದಾರೆ," ಎಂದೆ.

ನಟರಾಜ್ ಪುಸ್ತಕವನ್ನು ಹಾಗೇ ಮುಚ್ಚಿದರು.